ಶಂಶಾಬಾದಿನಲ್ಲಿ ಅಪ್ಪನ ಕ್ಲಚ್ಚು

ಶಂಶಾಬಾದಿನಲ್ಲಿ ನಾನು ಎಷ್ಟು ಸಲ ಇಳಿದಿದ್ದೇನೋ ಲೆಕ್ಕ ಇಟ್ಟಿಲ್ಲ. ಆದರೆ ಶಂಶಾಬಾದ್ ಎಂಬ ಊರನ್ನು ಕಣ್ಣಿಟ್ಟು ನೋಡಿದ್ದು ಒಂದೇ ಸಲ. ಅದೂ ಅಪ್ಪನ ಕಾರಿನ ಕ್ಲಚ್ ಕೈಕೊಟ್ಟಿದ್ದರಿಂದ.

ರಾಯಚೂರು, ಕಲಬುರಗಿ, ಬೀದರ್ ಕಡೆಯಿಂದ ಹೊರದೇಶ ಸೇರಿದವರಿಗೆ ಊರಿನ ಬಾಗಿಲು ಹೈದರಾಬಾದೇ. ಬೆಂಗಳೂರು ನಮಗೆ ದೂರ. 2008ರ ಮಾರ್ಚ್‌ವರೆಗೆ ಬೇಗಂಪೇಟೆಯಲ್ಲಿ ಇಳಿಯುತ್ತಿದ್ದೆವು, ಆಮೇಲೆ ಶಂಶಾಬಾದ್. ಇಳಿದವರು ಸೂಟ್‌ಕೇಸು ಎಳೆದುಕೊಂಡು ಹೊರಗೆ ಬರುತ್ತೇವೆ, ಕಾರು ಹತ್ತುತ್ತೇವೆ, ಹೆದ್ದಾರಿ ಸೇರುತ್ತೇವೆ, ಶಾದ್‌ನಗರ ದಾಟುವ ಹೊತ್ತಿಗೆ ನಿದ್ದೆ. ಎಚ್ಚರವಾದಾಗ ಮಹಬೂಬ್‌ನಗರವೋ ಮಖ್ತಲ್ಲೋ ಬಂದಿರುತ್ತದೆ. ಕೃಷ್ಣೆಯ ಸೇತುವೆ ಬಂತೆಂದರೆ ಮನೆ ಬಂದ ಹಾಗೆ.

ಈ ಜನವರಿಯಲ್ಲೂ ಹಾಗೆಯೇ ಆಗಬೇಕಿತ್ತು. ಮ್ಯಾಂಚೆಸ್ಟರಿನಿಂದ ದುಬೈ ಮೂಲಕ ಬಂದು ಬೆಳಗಿನ ಜಾವ ಇಳಿದೆ. "ಟ್ಯಾಕ್ಸಿ ಹುಡುಗನ್ನ ಕಳಸ್ತೀನಿ, ಬೋರ್ಡ್ ಹಿಡಕೊಂಡು ನಿಂತಿರ್ತಾನ" ಎಂದು ಅಪ್ಪ ಫೋನಿನಲ್ಲಿ ಹೇಳಿದ್ದರು. ಹೊರಗೆ ಬಂದು ನೋಡಿದರೆ ಬೋರ್ಡೂ ಇಲ್ಲ, ಹುಡುಗನೂ ಇಲ್ಲ. ಮಫ್ಲರ್ ಸುತ್ತಿಕೊಂಡು ಅಪ್ಪನೇ ನಿಂತಿದ್ದರು. ವಯಸ್ಸು ಎಪ್ಪತ್ನಾಲ್ಕು.

"ನೀವ್ಯಾಕ ಬಂದ್ರಿ ಅಪ್ಪಾ? ಯಾರು ಕರಕೊಂಡು ಬಂದ್ರು?"

"ಯಾರು ಕರಕೊಂಡು ಬರಬೇಕು? ನಾನs ಬಂದೀನಿ. ರಾತ್ರಿನೇ ಬಂದು ಪಾರ್ಕಿಂಗಿನ್ಯಾಗ ಮಲಗಿದ್ದೆ. ಛಲೋ ನಿದ್ದಿ ಆತು."

ರಾಯಚೂರಿನಿಂದ ಇಲ್ಲಿಗೆ ಸುಮಾರು 180 ಕಿಲೋಮೀಟರ್. ಒಬ್ಬರೇ, ರಾತ್ರಿ, ಹನ್ನೆರಡು ವರ್ಷದ ಡೀಸೆಲ್ ಕಾರಿನಲ್ಲಿ. ಜಗಳ ಮಾಡುವ ಜಾಗ ಅದಲ್ಲವೆಂದು ಸುಮ್ಮನೆ ಸಾಮಾನು ಏರಿಸಿದೆ. ನಾನೇ ಓಡಿಸುತ್ತೇನೆ ಎಂದರೆ ಕೀಲಿ ಕೊಡಲಿಲ್ಲ. "ನಿನಗ ಈ ಗಾಡಿ ರೂಢಿ ಇಲ್ಲ" ಎಂದರು. ಅದು ನಿಜವೇ. ಎಂಟು ವರ್ಷದಿಂದ ಆಟೋಮ್ಯಾಟಿಕ್ ಓಡಿಸುವವನ ಎಡಗಾಲಿಗೆ ಕೆಲಸವೇ ಮರೆತುಹೋಗಿರುತ್ತದೆ.

ಪಾರ್ಕಿಂಗಿನಿಂದ ಹೊರಡುವಾಗಲೇ ಒಂದು ಗಮನಿಸಿದೆ. ಗೇರ್ ಹಾಕುವ ಮೊದಲು ಅಪ್ಪ ಕ್ಲಚ್ ಪೆಡಲನ್ನು ಪಟಪಟನೆ ಮೂರು ಸಲ ತುಳಿಯುತ್ತಿದ್ದರು. ಟೋಲ್ ಕಡೆಗೆ ಬರುವಾಗ ಮತ್ತೆ ಮೂರು ಸಲ. ಕೇಳಿದ್ದಕ್ಕೆ "ಇದಕ್ಕ ಹಂಗs ಮಾಡಬೇಕು" ಎಂದಷ್ಟೇ ಉತ್ತರ ಬಂತು. ಹೆದ್ದಾರಿ ಸೇರಿ ಶಂಶಾಬಾದ್ ಪೇಟೆಯ ಹತ್ತಿರ ಲಾರಿಗಳ ಹಿಂದೆ ನಿಂತೆವು. ಮುಂದಿನ ಲಾರಿ ಹೊರಟಿತು. ಅಪ್ಪ ಮೂರು ಸಲ ತುಳಿದರು, ಆರು ಸಲ ತುಳಿದರು. ಪೆಡಲು ನೆಲಕ್ಕೆ ಹೋದದ್ದು ಮೇಲೆ ಬರಲೇ ಇಲ್ಲ. ಗೇರು ಕರಕರ ಎಂದು ಹಲ್ಲು ಕಡಿಯಿತು. ಹಿಂದೆ ಹಾರ್ನ್ ಶುರುವಾಯಿತು.

ಇಂಗ್ಲೆಂಡಿನಲ್ಲಾದರೆ ಹಜಾರ್ಡ್ ಲೈಟು ಹಾಕಿ, ತಡೆಗೋಡೆಯ ಆಚೆ ನಿಂತು, ಸದಸ್ಯತ್ವದ ನಂಬರು ಹೇಳಿ ವ್ಯಾನಿಗೆ ಕಾಯುತ್ತಿದ್ದೆವು. ಇಲ್ಲಿ ಇಬ್ಬರು ಆಟೋದವರು, ಒಬ್ಬ ಹಾಲಿನವನು ಕೇಳದೆಯೇ ಕೈಹಚ್ಚಿ ಕಾರನ್ನು ಬದಿಗೆ ತಳ್ಳಿದರು. ಪಂಕ್ಚರ್ ಅಂಗಡಿಯವನು ಸರ್ವೀಸ್ ರಸ್ತೆಯ ಕಡೆ ಕೈ ತೋರಿಸಿ, ಇನ್ನೂರು ಹೆಜ್ಜೆಯ ಮೇಲೆ ಒಬ್ಬ ಉಸ್ತಾದ್ ಇದ್ದಾನೆ ಎಂದ.

ಅಲ್ಲಿಗೆ ಹೋಗುವುದು ಹೇಗೆ? ಅಪ್ಪ ಎಂಜಿನ್ ಆರಿಸಿದರು. ಒಂದನೇ ಗೇರು ಸರಾಗವಾಗಿ ಬಿತ್ತು. ಎಂಜಿನ್ ತಿರುಗದಿದ್ದಾಗ ಗೇರು ಹಲ್ಲು ಕಡಿಯುವುದಿಲ್ಲ. ಆಮೇಲೆ ಗೇರಿನಲ್ಲಿಟ್ಟೇ ಕೀಲಿ ತಿರುಗಿಸಿದರು. ಸ್ಟಾರ್ಟರ್ ಮೋಟರೇ ಗಾಡಿಯನ್ನು ಮುಂದಕ್ಕೆ ಒದ್ದಿತು, ಎಂಜಿನ್ ಹತ್ತಿಕೊಂಡಿತು, ನಾವು ಎತ್ತಿನ ಗಾಡಿಯ ವೇಗದಲ್ಲಿ ಖಾಲಿ ಸರ್ವೀಸ್ ರಸ್ತೆಯಲ್ಲಿ ಜಗ್ಗುತ್ತ ಹೋದೆವು. ನಿಲ್ಲಿಸಲು ಬ್ರೇಕ್ ತುಳಿದು ಕೀಲಿ ಆರಿಸಿದರಾಯಿತು. ಅಪ್ಪನಿಗೆ ಈ ಉಪಾಯ ಇಷ್ಟು ಸಲೀಸಾಗಿ ಬಂದದ್ದು ನನಗೆ ಸಮಾಧಾನವನ್ನೂ ಕೊಟ್ಟಿತು, ಅನುಮಾನವನ್ನೂ ಹುಟ್ಟಿಸಿತು.

ತಗಡಿನ ಶೆಡ್ಡು, ಒಳಗೆ ಒಂದು ಗುಂಡಿ, ಗೋಡೆಗೆ ಸಾಲಾಗಿ ತೂಗಿಬಿಟ್ಟ ಪಾನಾಗಳು. ಉಸ್ತಾದರಿಗೆ ಐವತ್ತೈದರ ಮೇಲಿರಬೇಕು. ಅವರು ಪಾನಾ ಮುಟ್ಟುವ ಮೊದಲು ಮೂರು ಪ್ರಶ್ನೆ ಕೇಳಿದರು. ಪಂಪ್ ಮಾಡಿದರೆ ಪೆಡಲು ಮೇಲೆ ಬರುತ್ತಿತ್ತೇ? ಬ್ರೇಕ್ ಸರಿಯಾಗಿದೆಯೇ? ಎಣ್ಣೆ ಎಷ್ಟು ದಿನಕ್ಕೊಮ್ಮೆ ಹಾಕುತ್ತೀರಿ? ಮೊದಲೆರಡಕ್ಕೆ ಅಪ್ಪ "ಹೌ" ಎಂದರು. ಮೂರನೆಯದಕ್ಕೆ "ಎಣ್ಣೆ ಹಾಕೇ ಇಲ್ಲ" ಎಂದರು.

ಅಪ್ಪ ಮಾತಾಡಿದ್ದೆಲ್ಲ ದಖನಿಯಲ್ಲಿ. ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಅಪ್ಪ ಹುಟ್ಟಿದ್ದು ಆ ರಾಜ್ಯದಲ್ಲಿ. ಅವರ ನಾಲಿಗೆಗೆ ಈ ಮಾತು ಅನ್ನದಷ್ಟೇ ಪರಿಚಿತ. ನನಗೋ ಅರ್ಧಕ್ಕರ್ಧ ಅರ್ಥವಾಗುತ್ತದೆ, ಆಡಲು ಬರುವುದಿಲ್ಲ.

ಉಸ್ತಾದ್ ಬಾನೆಟ್ ಎತ್ತಿದರು. ನಮ್ಮ ಕಾರಿನಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಎಣ್ಣೆ ಡಬ್ಬಿ. ಕ್ಲಚ್ಚಿಗೆ ಹೋಗುವ ಕೊಳವೆ ಡಬ್ಬಿಯ ಪಕ್ಕದಲ್ಲಿ, ಸ್ವಲ್ಪ ಮೇಲಕ್ಕೆ ಇರುತ್ತದೆ. ಬ್ರೇಕಿನ ದಾರಿ ತಳದಲ್ಲಿ. ಎಣ್ಣೆ ಇಳಿಯುತ್ತ ಬಂದರೆ ಮೊದಲು ಕ್ಲಚ್ಚಿನ ದಾರಿಗೆ ಗಾಳಿ ನುಗ್ಗುತ್ತದೆ, ಬ್ರೇಕಿನ ಪಾಲು ತಳದಲ್ಲಿ ಉಳಿಯುತ್ತದೆ. ಮಾಡಿದವರು ಯೋಚಿಸಿಯೇ ಮಾಡಿದ್ದಾರೆ. ನಾವಿಬ್ಬರೂ ಆ ಬೆಳಗ್ಗೆ ನೆಟ್ಟಗೆ ನಿಂತದ್ದು ಆ ಎರಡು ಬೆರಳಿನ ಅಂತರದಿಂದ. ಎಣ್ಣೆ ಸರಿಯಾಗಿ ಆ ಪಕ್ಕದ ಕೊಳವೆಯ ಕೆಳಗೆ ಇಳಿದಿತ್ತು. ಬಣ್ಣ ಕಪ್ಪು ಚಹಾದಂತೆ.

ಹೈಡ್ರಾಲಿಕ್ ಕ್ಲಚ್ಚಿನ ಲೆಕ್ಕ ಸರಳ. ಪೆಡಲಿನ ಹಿಂದೆ ಒಂದು ಚಿಕ್ಕ ಪಿಚಕಾರಿ, ಅದು ಮಾಸ್ಟರ್ ಸಿಲಿಂಡರ್. ಗೇರ್ ಬಾಕ್ಸಿನ ಪಕ್ಕದಲ್ಲಿ ಇನ್ನೊಂದು, ಅದು ಸ್ಲೇವ್ ಸಿಲಿಂಡರ್. ನಡುವೆ ಕೊಳವೆಯ ತುಂಬ ಎಣ್ಣೆ. ಇಲ್ಲಿ ಒತ್ತಿದರೆ ಅಲ್ಲಿ ಕಡ್ಡಿ ಹೊರಗೆ ಬಂದು ಕ್ಲಚ್ಚನ್ನು ಬಿಡಿಸುತ್ತದೆ. ಎಣ್ಣೆಯನ್ನು ಅದುಮಿ ಕುಗ್ಗಿಸಲಾಗದು, ಗಾಳಿಯನ್ನು ಕುಗ್ಗಿಸಬಹುದು. ಗಾಳಿ ಸೇರಿತೆಂದರೆ ಕಾಲಿನ ಬಲವೆಲ್ಲ ಗಾಳಿಯನ್ನು ಹಿಂಡುವುದರಲ್ಲೇ ಕಳೆದುಹೋಗುತ್ತದೆ. ಮುಚ್ಚಿದ ವ್ಯವಸ್ಥೆಯಲ್ಲಿ ಎಣ್ಣೆ ಕಡಿಮೆಯಾಗಿದೆ ಎಂದರೆ ಅದು ಎಲ್ಲೋ ಹೊರಗೆ ಹೋಗಿದೆ ಎಂದೇ ಅರ್ಥ. ಅದು ಪೆಟ್ರೋಲಿನಂತೆ ಉರಿದು ಖರ್ಚಾಗುವಂಥದ್ದಲ್ಲ.

ಉಸ್ತಾದ್ ಹುಡುಕಿದ ಕ್ರಮ ನನಗೆ ಇಷ್ಟವಾಯಿತು. ಮೊದಲು ಚಾಲಕನ ಬದಿಯ ಮ್ಯಾಟು ತೆಗೆದು, ಪೆಡಲಿನ ಮೇಲ್ಭಾಗಕ್ಕೆ ಕೈ ಹಾಕಿ, ಕಡ್ಡಿ ಒಳಹೋಗುವ ಜಾಗವನ್ನು ಬೆರಳಿನಿಂದ ಸವರಿದರು. ಬೆರಳು ಒಣಗಿತ್ತು. ಮಾಸ್ಟರ್ ಸೋರಿದ್ದರೆ ಎಣ್ಣೆ ಕಾರಿನೊಳಗೆ, ಕಾಲ ಬುಡದಲ್ಲೇ ಇಳಿದಿರುತ್ತಿತ್ತು. ಆಮೇಲೆ ಕೊಳವೆಯ ಕೀಲುಗಳನ್ನೂ ರಬ್ಬರ್ ಹೋಸನ್ನೂ ಬಟ್ಟೆಯಿಂದ ಒರೆಸಿ ಒಣಗಿಸಿದರು. ಗಾಡಿಯನ್ನು ಗುಂಡಿಯ ಮೇಲೆ ತಂದು, ಗೇರ್ ಬಾಕ್ಸಿನ ಕೆಳಗೆ ಒಂದು ಬಿಳಿ ರಟ್ಟು ಹಾಸಿದರು. ಡಬ್ಬಿಗೆ ಸ್ವಲ್ಪ ಎಣ್ಣೆ ಹಾಕಿ, ನನ್ನನ್ನು ಸೀಟಿನಲ್ಲಿ ಕೂರಿಸಿ ಇಪ್ಪತ್ತು ಸಲ ತುಳಿಯಲು ಹೇಳಿದರು.

ರಟ್ಟಿನ ಮೇಲೆ ಒಂದು ಹನಿ ಬಿತ್ತು, ಮತ್ತೊಂದು ಬಿತ್ತು. ಉಸ್ತಾದ್ ಬೆರಳಲ್ಲಿ ಅದ್ದಿ ತಿಕ್ಕಿ ನೋಡಿದರು. ಎಂಜಿನ್ ಆಯಿಲಿನ ಜಿಡ್ಡು ಇಲ್ಲ. ನೀರಿನಲ್ಲಿ ತೊಳೆದರೆ ಹೋಯಿತು. ಬ್ರೇಕ್ ಎಣ್ಣೆಯೇ. ಸ್ಲೇವ್ ಸಿಲಿಂಡರಿನ ತುದಿಯ ರಬ್ಬರ್ ಟೋಪಿಯನ್ನು ಹಿಂದಕ್ಕೆ ಸರಿಸಿದಾಗ ಒಳಗೆ ನಿಂತಿದ್ದ ಕಪ್ಪು ಎಣ್ಣೆ ಗಳಗಳ ಇಳಿಯಿತು. ಕಳ್ಳ ಸಿಕ್ಕಿದ್ದ. ಆದರೂ ಅವರು ಟಾರ್ಚ್ ಹಿಡಿದು ಗೇರ್ ಬಾಕ್ಸ್ ಎಂಜಿನ್ನಿಗೆ ಕೂಡುವ ಸಂದಿಯನ್ನು ನೋಡಿದರು. ಅಲ್ಲಿ ಒದ್ದೆ ಇರಲಿಲ್ಲ. ಕೆಲವು ಕಾರುಗಳಲ್ಲಿ ಸ್ಲೇವ್ ಸಿಲಿಂಡರ್ ಒಳಗೇ, ಗೇರ್ ಬಾಕ್ಸಿನ ಮೂತಿಯಲ್ಲಿ ಕೂತಿರುತ್ತದೆ. ಅದು ಸೋರಿದರೆ ಗೇರ್ ಬಾಕ್ಸನ್ನೇ ಇಳಿಸಬೇಕು. ನಮ್ಮದು ಹೊರಗಿತ್ತು.

ಎರಡು ಬೋಲ್ಟು ಬಿಚ್ಚಿ ಸಿಲಿಂಡರ್ ಕೈಗೆ ಬಂತು. ರಬ್ಬರ್ ಕಿಟ್ ಹಾಕಿದರೆ ಸಾಲದೇ ಎಂದು ಅಪ್ಪ ಕೇಳಿದರು. ಉಸ್ತಾದ್ ಒಳಗೋಡೆಯನ್ನು ಒರೆಸಿ ನನ್ನ ಬೆರಳನ್ನೇ ಹಿಡಿದು ಸವರಿಸಿದರು. ಉಗುರಿಗೆ ತಗಲುವಂಥ ಗುಳಿಗಳು, ತುಕ್ಕು. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಆ ನೀರು ಒಳಗಿನಿಂದ ಲೋಹ ತಿನ್ನುತ್ತದೆ. ಈ ಗೋಡೆಯ ಮೇಲೆ ಹೊಸ ರಬ್ಬರ್ ಓಡಾಡಿದರೆ ಅದೂ ಹರಿಯುತ್ತದೆ. "ಯೇ ಪರ್ಸೋಂ ಕಾ ಹೈ" ಎಂದರು. ಹೈದರಾಬಾದಿನವರ ಪರ್ಸೋಂ ಮೊನ್ನೆಯೂ ಆಗಬಹುದು, ಮೂರು ವರ್ಷದ ಹಿಂದೆಯೂ ಆಗಬಹುದು. ಇದು ಎರಡನೆಯ ಜಾತಿಯದು.

ಹೊಸ ಸಿಲಿಂಡರ್ ಇಲ್ಲಿ ಸಿಗುವುದಿಲ್ಲ, ಪುತ್ಲಿಬೌಲಿಯಿಂದ ತರಬೇಕು, ಅಂಗಡಿ ತೆರೆಯುವವರೆಗೆ ಕಾಯಬೇಕು ಎಂದಾಯಿತು. ಕೆಲಸದ ಹುಡುಗ ಬೈಕ್ ಹತ್ತುವ ಮುನ್ನ ಅಪ್ಪನನ್ನು ನೋಡಿ ಕನ್ನಡದಲ್ಲೇ ಕೇಳಿದ: "ರಾಯಚೂರ ಗಾಡಿ ಅಲ್ರೀ ಇದು? ನಮ್ದು ಕೃಷ್ಣಾ ಸ್ಟೇಷನ್ ಕಡೆರೀ." ನದಿಯ ಈಚೆ ದಡದ ಕೃಷ್ಣಾ, ಮಖ್ತಲ್ ಸುತ್ತ ತೆಲಂಗಾಣದಲ್ಲಿದ್ದರೂ ಮನೆಮಾತು ಕನ್ನಡವಾದ ಹಳ್ಳಿಗಳಿವೆ. ನಮ್ಮ ಮನೆಗೂ ಅವನ ಮನೆಗೂ ನಡುವೆ ಒಂದು ಸೇತುವೆ.

ಹುಡುಗ ಬರುವುದರೊಳಗೆ ಚಿಲ್ಲರೆ ಕೆಲಸ ಮುಗಿಸೋಣವೆಂದು ಉಸ್ತಾದ್ ಡಿಕ್ಕಿಯಿಂದ ಸ್ಟೆಪ್ನಿ ತೆಗೆಯಲು ಹೇಳಿದರು. ಅದಕ್ಕೂ ಗಾಳಿ ನೋಡಬೇಕಿತ್ತಂತೆ. ಸ್ಟೆಪ್ನಿಯ ಮಗ್ಗುಲಲ್ಲಿ ಒಂದು ಚೀಲ. ಚೀಲದಲ್ಲಿ ಬ್ರೇಕ್ ಎಣ್ಣೆಯ ನಾಲ್ಕು ಡಬ್ಬಿ. ಮೂರು ಖಾಲಿ, ಒಂದು ಅರ್ಧ.

ಉಸ್ತಾದ್ ಏನೂ ಅನ್ನಲಿಲ್ಲ. ಚೀಲವನ್ನು ಮತ್ತೆ ಅಲ್ಲೇ ಇಟ್ಟು ಬೇರೆ ಗಾಡಿಯ ಕಡೆ ಹೋದರು. ಅಪ್ಪ ಮಫ್ಲರ್ ಬಿಚ್ಚಿ ಮತ್ತೆ ಸುತ್ತಿಕೊಂಡರು. "ನಡಿ, ಚಹಾ ಕುಡಿಯೂಣು" ಎಂದರು.

ಹಾಗೆ ನಾವು ಶಂಶಾಬಾದಿನ ಹಳೆಯ ಪೇಟೆಯಲ್ಲಿ ನಡೆದೆವು. ಪೈಗಾ ಮನೆತನದ ಶಂಸ್-ಉಲ್-ಉಮ್ರಾ ಬಿರುದಿನಿಂದ ಊರಿಗೆ ಈ ಹೆಸರು ಬಂತು ಎಂದು ಅಪ್ಪ ಹೇಳಿದರು. ಇಲ್ಲಿಯ ರೈಲು ನಿಲ್ದಾಣಕ್ಕೆ ಮಾತ್ರ ಉಮ್ದಾನಗರ ಎಂದು ಹೆಸರು. ಕಾಚಿಗುಡದಿಂದ ಮಹಬೂಬ್‌ನಗರ, ಕರ್ನೂಲಿನ ಕಡೆಗೆ ಹೋಗುವ ಈ ಹಳಿ ಒಂದು ಕಾಲಕ್ಕೆ ಮೀಟರ್ ಗೇಜ್. ರೈಲಿನಲ್ಲಿ ಹೋಗುವಾಗ ಇಲ್ಲಿ ಇಳಿದು ಮಣ್ಣಿನ ಲೋಟದಲ್ಲಿ ಚಹಾ ಕುಡಿದದ್ದು ಅಪ್ಪನಿಗೆ ನೆನಪು. ಈಗ ಪೇಟೆಯ ತಲೆಯ ಮೇಲೆ ಐದೈದು ನಿಮಿಷಕ್ಕೆ ವಿಮಾನ. ಚಹಾದಂಗಡಿಯ ಮುಂದೆ ನಿಂತ ಟ್ಯಾಕ್ಸಿಯವರು ಮುಚ್ಚಿಂತಲದ ಪ್ರತಿಮೆಗೆ ಗಿರಾಕಿ ಕೂಗುತ್ತಿದ್ದರು. 2022ರಲ್ಲಿ ಉದ್ಘಾಟನೆಯಾದ 216 ಅಡಿಯ ರಾಮಾನುಜಾಚಾರ್ಯರ ಪ್ರತಿಮೆ ಅದು. ಮೇಲುಕೋಟೆಯಲ್ಲಿ ವರ್ಷಗಟ್ಟಲೆ ನೆಲೆಸಿದ್ದವರು ಇಲ್ಲಿ ಕೂತಿದ್ದಾರೆ. ವಲಸೆ ಹೋದವರು ನಾವಷ್ಟೇ ಅಲ್ಲ.

ಇರಾನಿ ಚಹಾ, ಉಸ್ಮಾನಿಯಾ ಬಿಸ್ಕತ್ತು. ಅರ್ಧ ಲೋಟ ಖಾಲಿಯಾದ ಮೇಲೆ ಕೇಳಿದೆ.

"ಎಷ್ಟು ದಿನದಿಂದ ಎಣ್ಣಿ ಹಾಕಾಕತ್ತೀರಿ ಅಪ್ಪಾ?"

"ದೀಪಾವಳಿಯಿಂದ."

"ಮೊದಲು ತಿಂಗಳಿಗೊಮ್ಮೆ ಹಾಕ್ತಿದ್ರಿ, ಆಮ್ಯಾಲ ವಾರಕ್ಕೊಮ್ಮೆ, ಹೌದಲ್ರೀ?"

ಅಪ್ಪ ಬಿಸ್ಕತ್ತು ಅದ್ದುತ್ತ ತಲೆ ಅಲ್ಲಾಡಿಸಿದರು.

"ಹೇಳ್ಲಿಲ್ಲ ಯಾಕ್ರೀ?"

"ಹೇಳಿದ್ರ ಏನಂತಿದ್ದಿ ನೀನು? ಗಾಡಿ ಮಾರ್ರಿ ಅಂತಿದ್ದಿ. ಹೋದ ವರ್ಷಾನೂ ಅದs ಅಂದಿ. ನಿಮ್ಮವ್ವನ ಮಣಕಾಲು ಹ್ಯಾಂಗದ ಅಂತ ನಿನಗ ಗೊತ್ತೈತಲ್ಲ? ಬಸ್ ಹತ್ತಾಕ ಆಗಂಗಿಲ್ಲ ಆಕಿಗೆ. ದವಾಖಾನಿ, ಗುಡಿ, ನಿಮ್ಮ ಚಿಗವ್ವನ ಮನಿ, ಎಲ್ಲಾ ಈ ಗಾಡಿಮ್ಯಾಲ. ಗ್ಯಾರೇಜಿನ್ಯಾಗ ಬಿಟ್ರ ಎರಡು ದಿನ ಆಗ್ತದ ಅಂದ್ರು. ಆಮ್ಯಾಲ ನೀ ಬರಾಂವಿದ್ದಿ, ಬಂದು ಹೋಗ್ಲಿ, ಆಮ್ಯಾಲ ಮಾಡ್ಸೂಣು ಅಂತ ಬಿಟ್ಟೆ."

ನಾನು ಹೋದ ವರ್ಷ ಹಾಗೆ ಹೇಳಿದ್ದು ನಿಜ. ಶೆಫೀಲ್ಡಿನ ಅಡುಗೆಮನೆಯಲ್ಲಿ ನಿಂತು, ಭಾನುವಾರದ ಫೋನಿನಲ್ಲಿ, ಬಟ್ಟೆ ಮಡಚುತ್ತ ಹೇಳಿದ್ದೆ. ಅಪ್ಪನಿಗೆ ಎಪ್ಪತ್ತು ದಾಟಿತು, ಕಾರು ಮಾರಿ ಟ್ಯಾಕ್ಸಿಗೆ ದುಡ್ಡು ಕಳಿಸುತ್ತೇನೆ ಎಂದಿದ್ದೆ. ಎರಡು ನಿಮಿಷದ ಮಾತು. ಅಂದಿನಿಂದ ಆ ಕಾರಿನಲ್ಲಿ ಏನು ಕೆಟ್ಟರೂ ಅದು ನನ್ನಿಂದ ಮುಚ್ಚಿಡುವ ವಿಷಯವಾಯಿತು ಎಂದು ನನಗೆ ಹೊಳೆದೇ ಇರಲಿಲ್ಲ. ಪ್ರತಿ ಭಾನುವಾರ "ಹೇಗಿದ್ದೀರಿ?" ಎಂದು ಕೇಳುತ್ತಿದ್ದೆ, ಅವರು "ಆರಾಮ" ಎನ್ನುತ್ತಿದ್ದರು. ನಾನು ಅಷ್ಟಕ್ಕೇ ಫೋನ್ ಇಟ್ಟು ನೆಮ್ಮದಿಯಾಗಿರುತ್ತಿದ್ದೆ.

ಕೋಪವೂ ಬಂತು. ಎಣ್ಣೆ ಇನ್ನಷ್ಟು ಇಳಿದಿದ್ದರೆ, ರಾತ್ರಿ ಹೆದ್ದಾರಿಯಲ್ಲಿ ಬ್ರೇಕಿನ ಪಾಲೂ ಹೋಗಿದ್ದರೆ? ಅದನ್ನೂ ಅಂದೆ. ಅಪ್ಪ ಮರುಮಾತಾಡಲಿಲ್ಲ. ಲೋಟ ಕೆಳಗಿಟ್ಟು, "ಅದು ತಪ್ಪಾತು" ಎಂದರು. ಅಪ್ಪನ ಬಾಯಿಂದ ಈ ಮಾತು ನಾನು ಕೇಳಿದ್ದು ಇದೇ ಮೊದಲು. ಕೇಳಿ ನನಗೆ ಗೆದ್ದ ಹಾಗೆ ಅನಿಸಲಿಲ್ಲ.

ಹನ್ನೊಂದರ ಸುಮಾರಿಗೆ ಹುಡುಗ ಸಿಲಿಂಡರ್ ತಂದ. ಕೂರಿಸುವುದು ಹತ್ತು ನಿಮಿಷದ ಕೆಲಸ. ಹಳೆಯ ಕಪ್ಪು ಎಣ್ಣೆಯನ್ನೆಲ್ಲ ಹೊರಗೆ ಬಿಟ್ಟು, ಸೀಲ್ ಒಡೆಯದ ಹೊಸ ಡಬ್ಬಿ ತೆರೆದು ತುಂಬಿದರು. ಉಳಿದದ್ದು ಗಾಳಿ ತೆಗೆಯುವ ಕೆಲಸ. ಸ್ಲೇವ್ ಸಿಲಿಂಡರಿನ ಮೇಲೆ ಒಂದು ಚಿಕ್ಕ ಮೊಲೆಯಂಥ ನಟ್ಟು ಇರುತ್ತದೆ. ಅದಕ್ಕೆ ಪಾರದರ್ಶಕ ಕೊಳವೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಎಣ್ಣೆಯಿರುವ ಬಾಟಲಿಯಲ್ಲಿ ಮುಳುಗಿಸುತ್ತಾರೆ. ಒಬ್ಬರು ಪೆಡಲು ತುಳಿದು ಹಿಡಿಯಬೇಕು. ಕೆಳಗಿನವರು ನಟ್ಟು ಸಡಿಲಿಸುತ್ತಾರೆ, ಗುಳ್ಳೆ ಹೊರಗೆ ಬರುತ್ತದೆ, ನಟ್ಟು ಬಿಗಿಯಾಗುತ್ತದೆ. ಬಿಗಿಯಾದ ಮೇಲೆಯೇ ಪೆಡಲು ಬಿಡಬೇಕು. ಮೊದಲು ಬಿಟ್ಟರೆ ಹೋದ ಗಾಳಿ ವಾಪಸ್ ಒಳಗೆ ಸೇರುತ್ತದೆ. ಈ ನಡುವೆ ಡಬ್ಬಿ ಖಾಲಿಯಾಗದಂತೆ ಮೂರನೆಯವರು ಎಣ್ಣೆ ಹಾಕುತ್ತಿರಬೇಕು.

ಪೆಡಲಿನ ಕೆಲಸ ನನಗೆ ಬಂತು. ಗುಂಡಿಯಿಂದ ಉಸ್ತಾದರ ದನಿ: "ದಬಾವ್... ಪಕಡೋ... ಛೋಡೋ." ಎರಡು ಸಲ ಸರಿಯಾಯಿತು. ಮೂರನೆಯ ಸಲ "ಛೋಡೋ" ಎನ್ನುವ ಮೊದಲೇ ಕಾಲು ಎತ್ತಿದೆ. ಬಾಟಲಿ ಗೊಳಕ್ ಎಂದಿತು. ಮತ್ತೆ ಮೊದಲಿನಿಂದ. ಐದನೆಯ ಸಲ ಮತ್ತೆ ಅದೇ ತಪ್ಪು. ಗುಂಡಿಯಿಂದ ತಲೆ ಹೊರಗೆ ಬಂತು. "ನಕ್ಕೋ ಸಾಬ್, ಆಪ್ ಉತರೋ. ಅಬ್ಬಾ ಕೋ ಬಿಠಾವ್" ಎಂದರು. ನೀವು ಇಳಿಯಿರಿ, ಅಪ್ಪನನ್ನು ಕೂರಿಸಿ.

ಅಪ್ಪ ಕೂತರು. ಅವರು ನಗಲಿಲ್ಲ, ಆದರೆ ನಗು ತಡೆದದ್ದು ಮಫ್ಲರಿನ ಮೇಲೆಯೇ ಕಾಣುತ್ತಿತ್ತು. ಒಂದೇ ಅಳತೆಯಲ್ಲಿ ತುಳಿದರು, ಹಿಡಿದರು, ಬಿಟ್ಟರು. ಪೆಡಲು ತಾನಾಗಿ ಮೇಲೆ ಬಾರದಾಗ ಬೂಟಿನ ತುದಿಯಿಂದ ಎತ್ತಿಕೊಂಡರು. ಹದಿನೈದು ಸಲ ಆಗುವಷ್ಟರಲ್ಲಿ ಕೊಳವೆಯಲ್ಲಿ ಗುಳ್ಳೆ ನಿಂತು, ಜೇನಿನ ಬಣ್ಣದ ಎಣ್ಣೆ ಒಂದೇ ಎಳೆಯಾಗಿ ಬಂತು. ಪೆಡಲು ಗಟ್ಟಿಯಾಯಿತು. ಎಂಜಿನ್ ಹಾಕಿ ರಿವರ್ಸ್ ಗೇರಿಗೆ ಕೈ ಇಟ್ಟರು. ಸದ್ದಿಲ್ಲದೆ ಬಿತ್ತು. ಕೆಳಗೆ ಹೊಸ ರಟ್ಟು ಹಾಸಿ ಮತ್ತೆ ಇಪ್ಪತ್ತು ಸಲ ತುಳಿದು ನೋಡಿದರು. ರಟ್ಟು ಒಣಗಿತ್ತು.

ಉಸ್ತಾದ್ ಸಿಲಿಂಡರಿಗೆ ಕೊಟ್ಟಷ್ಟೂ ಕೂಲಿ ಕೇಳಲಿಲ್ಲ. ಬುದ್ಧಿಮಾತು ಮಾತ್ರ ಧಾರಾಳ. ನಿಮ್ಮಲ್ಲಿ ಊರಿನ ಗಾಡಿ ಇರುವವರಿಗೆ ಉಪಯೋಗವಾಗಬಹುದೆಂದು ಬರೆದಿಡುತ್ತೇನೆ. ಎಣ್ಣೆ ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಬರೆದಿರುತ್ತದೆ, ಅದನ್ನೇ ಹಾಕಬೇಕು. ಅವಸರಕ್ಕೆಂದು ಎಂಜಿನ್ ಆಯಿಲ್ ಸುರಿದರೆ ಒಳಗಿನ ರಬ್ಬರುಗಳೆಲ್ಲ ಉಬ್ಬಿ ಬ್ರೇಕೂ ಕೆಡುತ್ತದೆ. ತೆರೆದಿಟ್ಟ ಹಳೆಯ ಡಬ್ಬಿ ಬೇಡ, ಅದು ತೇವ ಕುಡಿದಿರುತ್ತದೆ. ಹೊಸ ಡಾಟ್ 4 ಎಣ್ಣೆ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸುವುದು ಒಳ್ಳೆಯದು. ಬಣ್ಣದ ಮೇಲೆ ಬಿದ್ದರೆ ಕೂಡಲೇ ನೀರಿನಿಂದ ತೊಳೆಯಿರಿ, ಇಲ್ಲದಿದ್ದರೆ ಬಣ್ಣ ಏಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಸಲ ಎಣ್ಣೆ ಹಾಕಿದ ಮೇಲೆ ಮತ್ತೆ ಇಳಿಯಿತೆಂದರೆ ಇನ್ನೊಂದು ಡಬ್ಬಿ ಕೊಳ್ಳಬೇಡಿ, ಸೋರುವ ಜಾಗ ಹುಡುಕಿಸಿ.

ಹೊರಡುವಾಗ ಅಪ್ಪ ಕೀಲಿಯನ್ನು ನನ್ನ ಕಡೆ ಚಾಚಿದರು. ಶಾದ್‌ನಗರ ದಾಟುವವರೆಗೆ ನಾನು ಎರಡು ಸಲ ಗಾಡಿ ಆರಿಸಿಕೊಂಡೆ. ಅವರು ಪಕ್ಕದಲ್ಲಿ ಕೂತು ಎಡಗಾಲನ್ನು ಸುಮ್ಮನೆ ನೆಲಕ್ಕೆ ಒತ್ತುತ್ತಿದ್ದರು. ಮಹಬೂಬ್‌ನಗರ ಬರುವ ಹೊತ್ತಿಗೆ ಒಪ್ಪಂದವಾಗಿತ್ತು. ಗಾಡಿ ಮಾರು ಎಂದು ನಾನು ಅನ್ನುವುದಿಲ್ಲ. ರಾತ್ರಿ ಹೆದ್ದಾರಿಗೆ ಒಬ್ಬರೇ ಇಳಿಯುವುದಿಲ್ಲ ಎಂದು ಅವರು. ವರ್ಷಕ್ಕೊಮ್ಮೆ ಕಣ್ಣು ತೋರಿಸಬೇಕು, ವೈದ್ಯರು ಬೇಡವೆಂದ ದಿನ ಕೀಲಿ ಇಡಬೇಕು. ಗಾಡಿಗೆ ಏನಾದರೂ ಸುರಿದರೆ ನನಗೂ ಹೇಳಬೇಕು. ಕೊನೆಯದಕ್ಕೆ ಅವರು ಬಹಳ ಹೊತ್ತು ಯೋಚಿಸಿ "ಆತು" ಎಂದರು. ಅವ್ವನಿಗೆ ಮಾತ್ರ ಯಾವುದನ್ನೂ ಹೇಳಬಾರದೆಂದು ಅವರದೊಂದು ಷರತ್ತು. ಅದನ್ನು ಒಪ್ಪಿಕೊಂಡೆ. ಮನೆ ತಲುಪಿದಾಗ ಅವ್ವ ಬಾಗಿಲಲ್ಲೇ ಕೇಳಿದಳು: "ಕ್ಲಚ್ ಕೈಕೊಟ್ಟಿತೇನು? ನನಗ ಗೊತ್ತಿತ್ತು. ವಾರದಿಂದ ಮೂರು ಮೂರು ಸಲ ತುಳಿತಿದ್ರು."

ಈಗ ಭಾನುವಾರದ ಫೋನಿನಲ್ಲಿ "ಹೇಗಿದ್ದೀರಿ?" ಎಂದು ಶುರು ಮಾಡುವುದಿಲ್ಲ. "ಬ್ರೇಕ್ ಎಣ್ಣಿ ಎಲ್ಲಿ ಅದ ಅಪ್ಪಾ?" ಎಂದು ಕೇಳುತ್ತೇನೆ. ಫೋನು ಕೈಯಲ್ಲೇ ಹಿಡಿದು ಅಂಗಳಕ್ಕೆ ಹೋಗುತ್ತಾರೆ. ಬಾನೆಟ್ ಎತ್ತುವ ಸದ್ದು ಕೇಳುತ್ತದೆ. "ಮ್ಯಾಲಿನ ಗೆರಿಗೇ ಅದ" ಎನ್ನುತ್ತಾರೆ. ಆಮೇಲೆ ನಾನು ಕೇಳದಿದ್ದರೂ, ಅವ್ವನ ಮಣಕಾಲು, ತಮ್ಮ ಸಕ್ಕರೆ, ರಾತ್ರಿ ಬಾರದ ನಿದ್ದೆ, ಒಂದೊಂದೇ ಹೇಳತೊಡಗುತ್ತಾರೆ.